ಮೂರು ಗಾಡಿಯ ಮುಂದಿನ ಗ್ಲಾಸಿನಿಂದ ಕಂಡ ದೇವಿಮನೆ ಘಟ್ಟ

ನಮ್ಮ ಮನೆಯ ಅಂಗಳದಲ್ಲಿ ಈಗ ಮೂರು ಗಾಡಿ ನಿಂತಿವೆ. ಅಪ್ಪಯ್ಯನ ಹಳೇ ವ್ಯಾನು, ಅಣ್ಣನ ಎತ್ತರದ ಹ್ಯಾಚ್‌ಬ್ಯಾಕ್, ಕಳೆದ ವರ್ಷ ನಾನು ತೆಗೆದುಕೊಂಡ ಸಣ್ಣ ಎಸ್‌ಯುವಿ. ಮನೆ ಶಿರಸಿ ಹತ್ತಿರ, ಕೆಲಸ ಕುಮಟಾದಲ್ಲಿ. ವಾರಕ್ಕೆ ಎರಡು ಸಲವಾದರೂ ದೇವಿಮನೆ ಘಟ್ಟ ಇಳಿದು ಹತ್ತಬೇಕು. ಯಾವ ಗಾಡಿ ಖಾಲಿ ಇದೆಯೋ ಅದನ್ನು ತೆಗೆದುಕೊಂಡು ಹೊರಡುತ್ತೇನೆ. ಹಾಗಾಗಿ ಅದೇ ರಸ್ತೆ, ಅದೇ ಮಳೆ, ಅದೇ ತಿರುವುಗಳನ್ನು ಮೂರು ಬೇರೆ ಬೇರೆ ಗ್ಲಾಸಿನ ಹಿಂದೆ ಕೂತು ನೋಡಿದ್ದೇನೆ.

ಮೈಲೇಜ್, ಪಿಕಪ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಮುಂದಿನ ಗ್ಲಾಸು ಮತ್ತು ಅದನ್ನು ಎರಡೂ ಕಡೆ ಹಿಡಿದು ನಿಂತ ಕಂಬಗಳ ಬಗ್ಗೆ ಮಾತ್ರ. ಗ್ಯಾರೇಜಿನವರು ಅದಕ್ಕೆ ಎ ಪಿಲ್ಲರ್ ಅನ್ನುತ್ತಾರೆ. ನನ್ನ ಎತ್ತರ ಐದಡಿ ಒಂದಿಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆರಡಿ ಎತ್ತರದ ಅಣ್ಣನಿಗೆ ಕಾಣುವ ರಸ್ತೆ ನನಗೆ ಹಾಗೇ ಕಾಣುವುದಿಲ್ಲ.

ಶುರುವಾಗಿದ್ದು ಜುಲೈ ತಿಂಗಳ ಒಂದು ಬೆಳಿಗ್ಗೆ. ಎಸ್‌ಯುವಿಯಲ್ಲಿ ಘಟ್ಟ ಇಳಿಯುತ್ತಿದ್ದೆ. ಬಲಕ್ಕೆ ಹೊರಳುವ ಒಂದು ತಿರುವು. ರಸ್ತೆ ಖಾಲಿ ಇದೆ ಅಂದುಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಲಗಡೆಯ ಕಂಬದ ಹಿಂದಿನಿಂದ ಒಂದು ಬೈಕು ಹೊರಗೆ ಬಂತು. ರೇನ್‌ಕೋಟ್ ಹಾಕಿದ ಹಿರಿಯರೊಬ್ಬರು, ಹಿಂದೆ ಒಂದು ಚೀಲ. ಇಬ್ಬರೂ ನಿಧಾನಕ್ಕೆ ಬರುತ್ತಿದ್ದೆವು, ಹಾಗಾಗಿ ಏನೂ ಆಗಲಿಲ್ಲ. ಆದರೆ ಅವರು ಆ ಹೊತ್ತಿಗೆ ದಿಢೀರನೆ ಬಂದವರಲ್ಲ. ತಿರುವು ಪೂರ್ತಿ ನನ್ನ ಎದುರಿಗೇ ಇದ್ದರು. ನನಗೆ ಕಾಣಲಿಲ್ಲ, ಅಷ್ಟೇ. ಆ ದಿನ ಕತಗಾಲ ಬರುವವರೆಗೂ ನನ್ನ ಕೈ ಸ್ಟೇರಿಂಗ್ ಮೇಲೆ ಸರಿಯಾಗಿ ನಿಲ್ಲಲಿಲ್ಲ.

ಭಾನುವಾರ ಅಂಗಳದಲ್ಲಿ ಅಳತೆ ಮಾಡಿದೆವು. ಮೂರೂ ಗಾಡಿಯನ್ನು ಒಂದೊಂದಾಗಿ ಅದೇ ಜಾಗದಲ್ಲಿ ನಿಲ್ಲಿಸಿ, ನಾನು ಸೀಟಿನಲ್ಲಿ ಕೂತೆ. 10 ಮೀಟರ್ ದೂರದಲ್ಲಿ ಅಣ್ಣನ ಮಗ ಒಂದು ಕೋಲು ನೆಟ್ಟಗೆ ಹಿಡಿದುಕೊಂಡು ಬಲದಿಂದ ಎಡಕ್ಕೆ ನಡೆದ. "ಅತ್ತೆ, ಈಗ ಕಾಣ್ತೀನಾ?" ಅಂತ ಹೆಜ್ಜೆ ಹೆಜ್ಜೆಗೂ ಕೇಳಿದ. ಕೋಲು ಮಾಯವಾದಲ್ಲಿ ಒಂದು ಗೆರೆ, ಮತ್ತೆ ಕಂಡಲ್ಲಿ ಇನ್ನೊಂದು ಗೆರೆ. ವ್ಯಾನಿನಲ್ಲಿ ಬಲಗಡೆಯ ಕಂಬ ಮುಚ್ಚಿದ್ದು ಒಂದೂವರೆ ಅಡಿ. ಹ್ಯಾಚ್‌ಬ್ಯಾಕಿನಲ್ಲಿ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಎಸ್‌ಯುವಿಯಲ್ಲಿ ಮೂರು ಅಡಿ ನಾಲ್ಕು ಇಂಚು.

ದೂರ ಎರಡು ಪಟ್ಟಾದರೆ ಮುಚ್ಚುವ ಜಾಗವೂ ಎರಡು ಪಟ್ಟಾಗುತ್ತದೆ. ಅಂದರೆ 20 ಮೀಟರ್ ದೂರದಲ್ಲಿ ಒಂದು ಸ್ಕೂಟರ್ ಅಡ್ಡ ನಿಂತಿದ್ದರೂ ನನ್ನ ಗಾಡಿಯ ಕಂಬದ ಹಿಂದೆ ಪೂರ್ತಿ ಅಡಗುತ್ತದೆ. ಯುರೋಪಿನಲ್ಲಿ ಪಾಲಿಸುವ ವಿಶ್ವಸಂಸ್ಥೆಯ 125ನೇ ವಾಹನ ನಿಯಮದ ಪ್ರಕಾರ ಒಂದೊಂದು ಕಂಬ ಚಾಲಕರ ನೋಟದಲ್ಲಿ 6 ಡಿಗ್ರಿಗಿಂತ ಜಾಸ್ತಿ ಮುಚ್ಚಬಾರದು. ನಮ್ಮ ಅಂಗಳದ ಅಳತೆ ಅವರ ಕ್ರಮದ್ದಲ್ಲ. ಆದರೂ ಲೆಕ್ಕ ಹಾಕಿದರೆ ನನ್ನ ಗಾಡಿ ಆ 6ರ ಹತ್ತಿರವೇ ಬರುತ್ತದೆ. ನಿಯಮದೊಳಗೆ ಇದ್ದರೂ ಒಬ್ಬ ಮನುಷ್ಯನನ್ನು ಮುಚ್ಚಲು ಅಷ್ಟು ಸಾಕು.

ನಮ್ಮಲ್ಲಿ ಸ್ಟೇರಿಂಗ್ ಬಲಗಡೆ ಇರುವುದರಿಂದ ಬಲಗಡೆಯ ಕಂಬ ಕಣ್ಣಿಗೆ ತುಂಬಾ ಹತ್ತಿರ. ಎಡಗಡೆಯದು ದೂರ, ಆದ್ದರಿಂದ ತೆಳ್ಳಗೆ ಕಾಣುತ್ತದೆ. ಬಲ ತಿರುವಿನಲ್ಲಿ ಎದುರಿನ ಗಾಡಿ ಬರುವುದು ಸರಿಯಾಗಿ ಆ ಹತ್ತಿರದ ಕಂಬದ ನೇರದಲ್ಲಿ. ನಾನು ತಿರುಗುತ್ತಾ ಹೋದಂತೆ, ಅವರು ಬರುತ್ತಾ ಇದ್ದಂತೆ, ಇಬ್ಬರ ನಡುವೆ ಕಂಬ ಅಲ್ಲೇ ಇರುತ್ತದೆ. ಇದೇ ಇದರ ಅಪಾಯ.

ಕಂಬ ಇಷ್ಟು ದಪ್ಪ ಯಾಕೆ ಅಂದರೆ ಅದಕ್ಕೂ ಕಾರಣ ಇದೆ. ಗಾಡಿ ಮಗುಚಿ ಬಿದ್ದರೆ ಚಾವಣಿಯ ಭಾರ ಹೊರಬೇಕು. ಎದುರಿನಿಂದ ಗುದ್ದಿದರೆ ಬಾಗಿಲಿನ ಚೌಕಟ್ಟು ಕುಸಿಯದೆ ನಿಲ್ಲಬೇಕು. ತಲೆಯ ಪಕ್ಕಕ್ಕೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗಿನ ಒಂದು ತುದಿ ಇದರೊಳಗೇ ಮಡಚಿ ಕೂತಿರುತ್ತದೆ. ಸಾಲದ್ದಕ್ಕೆ, ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತ ಗ್ಲಾಸನ್ನು ಹಿಂದಕ್ಕೆ ಮಲಗಿಸುತ್ತಾರೆ, ಆಗ ಕಂಬವೂ ಓರೆಯಾಗಿ ಇನ್ನಷ್ಟು ನೋಟ ತಿನ್ನುತ್ತದೆ. ವೋಲ್ವೋ ಕಂಪನಿ 2001ರಲ್ಲಿ ಒಂದು ಪ್ರಯೋಗದ ಕಾರಿನಲ್ಲಿ ಆಚೆ ಕಾಣುವ ಜಾಲರಿಯಂಥ ಕಂಬ ಮಾಡಿ ತೋರಿಸಿತ್ತು. ಸಿಟ್ರೊಯೆನ್ 2006ರ ಸಿ4 ಪಿಕಾಸೋದಲ್ಲಿ ಒಂದು ಕಂಬವನ್ನು ಎರಡು ಸಣ್ಣ ಕಂಬ ಮಾಡಿ ನಡುವೆ ಗ್ಲಾಸು ಕೂರಿಸಿತು. ಅಂದರೆ ಗಟ್ಟಿಯೂ ಇರಬೇಕು, ಕಾಣಲೂ ಬೇಕು ಅಂತ ಯೋಚಿಸಿದವರು ಇದ್ದಾರೆ. ನಮ್ಮ ಘಟ್ಟದಲ್ಲಿ ಓಡುವ ಗಾಡಿಗಳಿಗೆ ಆ ಯೋಚನೆ ಬರಬೇಕು ಅಂತ ನನಗೆ ತುಂಬಾ ಆಸೆ.

ಅಣ್ಣನ ಹ್ಯಾಚ್‌ಬ್ಯಾಕಿನಲ್ಲಿ ನನಗೆ ಹಿಡಿಸಿದ್ದು ಎರಡು ಸಣ್ಣ ವಿಷಯ. ಕಂಬದ ಬುಡದಲ್ಲಿ ಒಂದು ಮೂರುಮೂಲೆ ಗ್ಲಾಸು ಇದೆ. ಮತ್ತೆ ಸೈಡ್ ಮಿರರ್ ಕಂಬಕ್ಕೆ ಅಂಟಿಕೊಂಡಿಲ್ಲ, ಬಾಗಿಲಿನ ಮೇಲೆ ಇದೆ. ಕಂಬಕ್ಕೂ ಮಿರರ್‌ಗೂ ನಡುವೆ ಒಂದು ಕೈ ಅಗಲದ ಕಿಂಡಿ ಸಿಗುತ್ತದೆ. ರಸ್ತೆ ದಾಟಲು ನಿಂತ ಶಾಲೆ ಮಕ್ಕಳು ಆ ಕಿಂಡಿಯಲ್ಲಿ ಕಾಣುತ್ತಾರೆ. ನನ್ನ ಎಸ್‌ಯುವಿಯಲ್ಲಿ ಮಿರರ್ ಸರಿಯಾಗಿ ಕಂಬದ ಬುಡದಲ್ಲಿದೆ. ಎರಡೂ ಸೇರಿ ಒಂದು ಗೋಡೆಯಾಗುತ್ತದೆ. ಸೀಟು ಎತ್ತರಿಸಿದ ಮೇಲೆ ಸ್ವಲ್ಪ ಪರವಾಗಿಲ್ಲ. ನನ್ನಂತೆ ಗಿಡ್ಡ ಇರುವವರು ಸೀಟ್ ಎತ್ತರಿಸುವ ಹಿಡಿಕೆ ಇಲ್ಲದ ಮಾಡೆಲ್ ತೆಗೆದುಕೊಳ್ಳಲೇ ಬೇಡಿ.

ಇನ್ನು ವ್ಯಾನು. ಕಾಣುವ ವಿಷಯದಲ್ಲಿ ಅದಕ್ಕೆ ಸಾಟಿ ಇಲ್ಲ. ಕಂಬ ಅಡಿಕೆ ದಬ್ಬೆಯಷ್ಟು ಸಣ್ಣ. ಗ್ಲಾಸು ನೆಟ್ಟಗೆ. ಮುಂದೆ ಮೂತಿಯೇ ಇಲ್ಲದ್ದರಿಂದ ರಸ್ತೆ ಕಾಲಬುಡದಿಂದಲೇ ಶುರುವಾಗುತ್ತದೆ. ಗುಂಡಿ, ಹಾವು, ಬಿದ್ದ ಕಲ್ಲು, ಎಲ್ಲವೂ ಕಾಣುತ್ತದೆ. ಆದರೆ ಎದುರಿನಿಂದ ಏನಾದರೂ ಗುದ್ದಿದರೆ ಮೊದಲು ಸಿಗುವುದು ನಮ್ಮ ಮೊಣಕಾಲು. ಪೆಟ್ಟನ್ನು ನುಂಗಿಕೊಳ್ಳಲು ಮುಂದೆ ಜಾಗವೇ ಇಲ್ಲ.

ಅದರ ಹಳೇ ಗ್ಲಾಸಿನ ಕತೆ ಆಯಿ ಈಗಲೂ ಹೇಳುತ್ತಾಳೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಂಕೋಲಾ ದಾಟಿ ಹೆದ್ದಾರಿಯಲ್ಲಿ ಹೋಗುವಾಗ ಮುಂದಿನ ಟಿಪ್ಪರಿನಿಂದ ಒಂದು ಜಂಬಿಟ್ಟಿಗೆ ಚೂರು ಹಾರಿ ಬಂತು. ಇಡೀ ಗ್ಲಾಸು ಒಂದೇ ಕ್ಷಣಕ್ಕೆ ಕಲ್ಲುಸಕ್ಕರೆಯಂತೆ ಬಿಳಿಯಾಯಿತು. ಅಪ್ಪಯ್ಯ ಏನೂ ಕಾಣದೆ, ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ನಿಲ್ಲಿಸಿದರು. ಅದು ಟಫನ್ಡ್ ಗ್ಲಾಸು, ಒಡೆದರೆ ಪೂರ್ತಿ ಪುಡಿ. ಈಗಿನ ಕಾರುಗಳ ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಮುಂದಿನದು ಮಾತ್ರ ಲ್ಯಾಮಿನೇಟೆಡ್. ಎರಡು ಗ್ಲಾಸಿನ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ಉದುರುವುದಿಲ್ಲ. ಬಿರುಕಿನ ಆಚೆ ರಸ್ತೆಯೂ ಕಾಣುತ್ತದೆ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಇಂಥ ಗ್ಲಾಸಿಗೆ 1909ರಲ್ಲೇ ಪೇಟೆಂಟ್ ಮಾಡಿದ್ದರು.

ವ್ಯಾನಿಗೆ ಹೊಸ ಗ್ಲಾಸು ಹಾಕಿದ್ದು ಒಂದು ಗಂಟೆಯ ಕೆಲಸ. ರಬ್ಬರ್ ಬೀಡಿಂಗಿನ ಸಂದಿಯಲ್ಲಿ ಹಗ್ಗ ಸುತ್ತಿ, ಹೊರಗಿನಿಂದ ಗ್ಲಾಸು ಒತ್ತಿ ಹಿಡಿದು, ಒಳಗಿನಿಂದ ಹಗ್ಗ ಎಳೆದರೆ ರಬ್ಬರಿನ ತುಟಿ ತಾನೇ ಒಳಗೆ ಕೂರುತ್ತದೆ. ನೋಡಲು ಚಂದ. ಆದರೆ ಆ ಗ್ಲಾಸು ಬರೀ ಕಿಟಕಿ. ಗಾಡಿಯ ಗಟ್ಟಿತನಕ್ಕೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಉಳಿದ ಎರಡು ಗಾಡಿಯಲ್ಲಿ ಹಾಗಲ್ಲ. ಗ್ಲಾಸನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಕೂಡಿಸಿರುತ್ತಾರೆ. ಅದು ಚಾವಣಿಗೂ ಆಧಾರ. ಪಕ್ಕದಲ್ಲಿ ಕೂತವರ ಏರ್‌ಬ್ಯಾಗ್ ಮೇಲಕ್ಕೆ ಉಬ್ಬಿ, ಗ್ಲಾಸಿಗೆ ಒರಗಿ ಹಿಂದಕ್ಕೆ ಬರುವ ಗಾಡಿಗಳೂ ತುಂಬಾ ಇವೆ. ಗ್ಲಾಸೇ ಕಿತ್ತು ಹೋದರೆ ಆ ಏರ್‌ಬ್ಯಾಗಿಗೆ ಒರಗಲು ಏನೂ ಇರುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಅಣ್ಣನ ಗಾಡಿಯಿಂದ.

ಅದರ ಗ್ಲಾಸಿಗೆ ಮೊದಲು ಅಡಿಕೆಗಿಂತ ಸಣ್ಣ ಚಿಪ್ ಆಗಿತ್ತು. ಆಗಲೇ ಅದಕ್ಕೆ ರೆಸಿನ್ ಅನ್ನುವ ಅಂಟು ದ್ರವ ತುಂಬಿಸಿದ್ದರೆ ಮುಗಿದಿತ್ತು. ಅಣ್ಣ ಸುಮ್ನೆ ಬಿಟ್ಟ. ಡಿಸೆಂಬರಿನ ಒಂದು ತಣ್ಣನೆ ಬೆಳಿಗ್ಗೆ ಬಿಸಿ ಗಾಳಿ ಗ್ಲಾಸಿಗೆ ಬಿಟ್ಟಿದ್ದೇ, ಈ ತುದಿಯಿಂದ ಆ ತುದಿಗೆ ಗೆರೆ ಓಡಿತು. ಒಂದು ಅಂಗಡಿಯಲ್ಲಿ ಹೊಸದು ಹಾಕಿಸಿದ. ಅರ್ಧ ಗಂಟೆಯಲ್ಲಿ ಗಾಡಿ ಕೈಗೆ ಕೊಟ್ಟರು. ಮೊದಲ ಮಳೆಗೆ ಡ್ಯಾಶ್‌ಬೋರ್ಡ್ ಮೇಲೆ ನೀರು. ಆಮೇಲೆ ಬೇರೆ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಗ್ಲಾಸು ಬಿಚ್ಚಿ ತೋರಿಸಿದರು. ಹಳೇ ಅಂಟು ಸರಿಯಾಗಿ ಕೆರೆದಿಲ್ಲ, ಅಂಟಿಗೆ ಮೊದಲು ಬಳಿಯುವ ಪ್ರೈಮರ್ ಹಾಕಿಲ್ಲ, ಅಂಚಿನ ಕಬ್ಬಿಣಕ್ಕೆ ತುಕ್ಕು. "ತಂಗಿ, ನೀರು ಬಂದಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ" ಅಂದರು. ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಅಂಟು ಎಳೆದು, ಗಾಡಿಯನ್ನು ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಕೊಡುವಾಗ, ಎರಡು ದಿನ ಕಿಟಕಿ ಸ್ವಲ್ಪ ಇಳಿಸಿಡಿ, ಬಾಗಿಲು ಜೋರಾಗಿ ಹಾಕಬೇಡಿ ಅಂತಲೂ ಹೇಳಿದರು. ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಸರಿಯುತ್ತದಂತೆ. ಬೇಗ ಮುಗಿಸಿ ಕೊಡುತ್ತೇವೆ ಅನ್ನುವವರ ಮಾತಿಗೆ ಖುಷಿಪಡಬೇಡಿ. ಯಾವ ಅಂಟು, ಎಷ್ಟು ಗಂಟೆ ಒಣಗಬೇಕು ಅಂತ ಕೇಳಿ.

ಮಂಜಿನ ವಿಷಯದಲ್ಲಿ ಮೂರೂ ಗಾಡಿಯದು ಬೇರೆ ಬೇರೆ ಸ್ವಭಾವ. ರಾಗಿಹೊಸಳ್ಳಿ ಕಡೆ ಮಳೆಗೆ ಹೊರಗೆ ತಂಪು, ಒಳಗೆ ನಮ್ಮ ಉಸಿರು. ಗ್ಲಾಸು ಒಳಗಿನಿಂದ ಮಸುಕಾಗುತ್ತದೆ. ಎಸಿ ಹಾಕಿ ಗಾಳಿಯನ್ನು ಗ್ಲಾಸಿಗೆ ತಿರುಗಿಸಿದರೆ ಒಂದು ನಿಮಿಷದಲ್ಲಿ ಸರಿ. ಕೆಳಗಿಳಿದು ಕರಾವಳಿಯ ಬಿಸಿ ಹವೆ ಸಿಕ್ಕಿದ್ದೇ ತಡ, ಅದೇ ಎಸಿಯಿಂದ ತಣ್ಣಗಾದ ಗ್ಲಾಸು ಹೊರಗಿನಿಂದ ಬೆವರುತ್ತದೆ. ಆಗ ವೈಪರ್ ಒಂದು ಸಲ ಆಡಿಸಿ, ತಂಪು ಕಡಿಮೆ ಮಾಡಬೇಕು. ವ್ಯಾನಿಗೆ ಎಸಿಯೇ ಇಲ್ಲ, ಆಯಿ ಬಟ್ಟೆ ಹಿಡಿದು ಒರೆಸುತ್ತಾ ಕೂರಬೇಕು. ಎಸ್‌ಯುವಿಯ ಮಲಗಿದ ಗ್ಲಾಸಿನಲ್ಲಿ ಇನ್ನೊಂದು ತೊಂದರೆ ಇದೆ. ಮಧ್ಯಾಹ್ನದ ಬಿಸಿಲಿಗೆ ತಿಳಿ ಬಣ್ಣದ ಡ್ಯಾಶ್‌ಬೋರ್ಡ್ ಪೂರ್ತಿ ಗ್ಲಾಸಿನಲ್ಲಿ ಕಾಣುತ್ತದೆ. ಕಾರವಾರದ ಹತ್ತಿರ ಸುರಂಗ ಹೊಗುವ ಮುಂಚೆ ಆ ನೆರಳು ಕಣ್ಣಿಗೆ ತುಂಬಾ ಕಿರಿಕಿರಿ. ಕಪ್ಪು ಬಟ್ಟೆಯ ಹೊದಿಕೆ ಹಾಕಿದ ಮೇಲೆ ಎಷ್ಟೋ ಕಡಿಮೆಯಾಯಿತು. ಅದರ ವೈಪರ್ ಬಲಗಂಬದ ಪಕ್ಕ ಮೂರು ಬೆರಳು ಅಗಲದ ಪಟ್ಟಿಯನ್ನು ಒರೆಸುವುದೇ ಇಲ್ಲ. ಮಳೆಯಲ್ಲಿ ಆ ಪಟ್ಟಿಯೂ ಕಂಬಕ್ಕೇ ಸೇರಿದಂತೆ.

ಬಿಸಿಲಿಗೆ ಫಿಲ್ಮ್ ಹಾಕಿಸೋಣ ಅಂತ ಅಣ್ಣ ಹೇಳಿದ್ದ. ನಾನು ಬೇಡವೇ ಬೇಡ ಅಂದೆ. ಮುಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು, ಪಕ್ಕದವುಗಳಲ್ಲಿ ಶೇ. 50. ಸುಪ್ರೀಂ ಕೋರ್ಟ್ 2012ರಲ್ಲಿ ಫಿಲ್ಮ್ ಅಂಟಿಸುವುದರ ವಿರುದ್ಧ ಆದೇಶ ಕೊಟ್ಟಿತ್ತು. ಅದು ಬಿಡಿ, ಸಂಜೆ ಐದಕ್ಕೇ ಕತ್ತಲಾಗುವ ಕಾಡಿನ ರಸ್ತೆಯಲ್ಲಿ ಇರುವ ಬೆಳಕನ್ನೂ ಯಾಕೆ ಕಳೆದುಕೊಳ್ಳಬೇಕು ಅಲ್ವಾ?

ನನ್ನ ಎಸ್‌ಯುವಿಗೆ ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಸಿಕ್ಕಿದೆ. ಅದನ್ನು ನೋಡಿಯೇ ತೆಗೆದುಕೊಂಡಿದ್ದು, ಆ ಬಗ್ಗೆ ನನಗೆ ಬೇಸರವಿಲ್ಲ. 2023ರಲ್ಲಿ ಶುರುವಾದ ನಮ್ಮ ದೇಶದ್ದೇ ಡಿಕ್ಕಿ ಪರೀಕ್ಷೆ, ಭಾರತ್ ಎನ್‌ಕ್ಯಾಪ್ ಕೂಡ ಒಳ್ಳೆಯ ಕೆಲಸ. ಆದರೆ ಚಾಲಕರಿಗೆ ಎಷ್ಟು ಕಾಣುತ್ತದೆ ಅನ್ನುವುದಕ್ಕೆ ಅದರಲ್ಲಿ ಅಂಕ ಇಲ್ಲ. ಆ ಪರೀಕ್ಷೆಯನ್ನು ಶೋರೂಮಿನಲ್ಲಿ ನಾವೇ ಮಾಡಬೇಕು. ಸೀಟನ್ನು ನಮ್ಮ ಎತ್ತರಕ್ಕೆ ಹೊಂದಿಸಿ ಕೂತು, ಜೊತೆಗೆ ಬಂದವರನ್ನು ಬಲಗಡೆಯಿಂದ ನಿಧಾನಕ್ಕೆ ನಡೆಸಿ ನೋಡಬೇಕು.

ಘಟ್ಟಕ್ಕೆ ಮಾತ್ರ ಅಂದರೆ ನನ್ನ ಆಯ್ಕೆ ಹ್ಯಾಚ್‌ಬ್ಯಾಕ್. ಕಾರವಾರದವರೆಗೆ ಹೆದ್ದಾರಿ, ರಾತ್ರಿ ಲಾರಿಗಳ ನಡುವೆ ಅಂದರೆ ಎಸ್‌ಯುವಿಯ ಗಟ್ಟಿ ಚೌಕಟ್ಟೇ ಬೇಕು. ಈಗ ಅದರಲ್ಲಿ ಬಲ ತಿರುವು ಬಂದಾಗಲೆಲ್ಲ ಬೆನ್ನನ್ನು ಸೀಟಿನಿಂದ ಎತ್ತಿ, ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ ಬಾಗಿ ಕಂಬದ ಆಚೆ ನೋಡುತ್ತೇನೆ. ಹಾರ್ನ್ ಮೊದಲೇ ಹಾಕುತ್ತೇನೆ. ವ್ಯಾನು ಇನ್ನು ತೋಟದವರೆಗೆ ಮಾತ್ರ ಅಂತ ಅಪ್ಪಯ್ಯನನ್ನು ಒಪ್ಪಿಸಿದ್ದೇವೆ. ಮಳೆ ಮುಗಿಯುವ ತನಕ ಗಾಡಿ ಬದಲಾಯಿಸಿಕೊಳ್ಳೋಣ ಅಂತ ಅಣ್ಣನಿಗೆ ಹೇಳಿದೆ. ಅವನು ಕೀಲಿ ಕೊಟ್ಟ. ಅವನನ್ನೂ ಎಸ್‌ಯುವಿಯಲ್ಲಿ ಕೂರಿಸಿ ಆ ಕೋಲಿನ ಪರೀಕ್ಷೆ ಮಾಡಿಸಿಯೇ ನನ್ನ ಕೀಲಿ ಕೊಟ್ಟೆ.