ಬೆನ್ನಿಗೆ ಗೋಂದಿರುವ ಸಿಪಾಯಿ, ಗೋಂದಿಲ್ಲದ ಸಿಪಾಯಿ

ಮಂಗಳೂರಿನಂಥ ಊರಲ್ಲಿ ಕೂತು ಹಳೇ ಸಿಗರೇಟ್ ಕಾರ್ಡ್ (ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಚಿತ್ರದ ಕಾರ್ಡು) ಕೂಡಿಡುವವರು 1912ರ ಸೆಟ್ಟನ್ನೇ ತಗೊಳ್ಳಿ. ನಾನು ಮೊದಲು ತಗೊಂಡದ್ದು 1938ರದ್ದು.

ಎರಡೂ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಜಾನ್ ಪ್ಲೇಯರ್ ಸಿಗರೇಟ್ ಕಂಪನಿಯವು, ಎರಡರಲ್ಲೂ 50 ಕಾರ್ಡು. 1912ರ 'ರೆಜಿಮೆಂಟಲ್ ಯೂನಿಫಾರ್ಮ್ಸ್'ನಲ್ಲಿ ಬ್ರಿಟನ್ನಿನ ಪಡೆಗಳ ಸಮವಸ್ತ್ರ. 1938ರ 'ಮಿಲಿಟರಿ ಯೂನಿಫಾರ್ಮ್ಸ್ ಆಫ್ ದಿ ಬ್ರಿಟಿಷ್ ಎಂಪೈರ್ ಓವರ್‌ಸೀಸ್'ನಲ್ಲಿ ನಮ್ಮ ಕಡೆಯ ಪೇಟದ ಸವಾರರೂ ಇದ್ದಾರೆ. ನಾನು ಮರುಳಾದದ್ದು ಆ ಪೇಟಕ್ಕೇ.

ತೊಂದರೆ ಇದ್ದದ್ದು ಬೆನ್ನಲ್ಲಿ. 1938ರ ಆ ಕಾರ್ಡುಗಳ ಹಿಂದೆ ಅಂಚೆಚೀಟಿಯ ಹಾಗೆ ಗೋಂದು ಸವರಿರುತ್ತಿತ್ತು. ಒಂದು ಪೆನ್ನಿ ನಾಣ್ಯಕ್ಕೆ ಆಲ್ಬಂ ಸಿಗುತ್ತಿತ್ತು, ನೀರು ಹಚ್ಚಿ ಅದಕ್ಕೆ ಅಂಟಿಸಿದರಾಯಿತು. ನನ್ನ ಸೆಟ್ ಯಾರೂ ಅಂಟಿಸದೆ ಉಳಿದದ್ದು. ಅಬ್ಬ, ಅದೃಷ್ಟ ಅಂದುಕೊಂಡೆ! ಬಿಸ್ಕತ್ ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿ ಕಪಾಟಿಗೆ ಹಾಕಿದೆ. ಅದು ಮೇ ತಿಂಗಳು.

ಆಗಸ್ಟ್‌ನಲ್ಲಿ ತೆಗೆದರೆ 11 ಕಾರ್ಡು ಸೇರಿ ಒಂದೇ ಇಟ್ಟಿಗೆ. ತಪ್ಪು ನನ್ನದೇ, ಇಲ್ಲಿಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಗೋಂದು ಸುಮ್ನೆ ಇರುತ್ತದಾ? ಇಡ್ಲಿ ಪಾತ್ರೆಯ ಹಬೆ ಹಿಡಿದೆ. ಕಾರ್ಡು ಹಪ್ಪಳದ ಹಾಗೆ ಮುದುರಿತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಒಬ್ಬ ಸವಾರನ ಪೇಟ ಪೂರ್ತಿ ಕಿತ್ತು ಮೇಲಿನ ಕಾರ್ಡಿನ ಬೆನ್ನಿಗೆ ಹೋಯಿತು. ಕೆಳಗೆ ಉಳಿದದ್ದು ಬರೀ ಮೀಸೆ.

1912ರ ಬೆನ್ನಿನಲ್ಲಿ ಗೋಂದಿಲ್ಲ, ಪಡೆಯ ಕಥೆ ಮಾತ್ರ. ಕೆಂಪು ಕೋಟು, ಕರಡಿ ತುಪ್ಪಳದ ಎತ್ತರದ ಟೋಪಿ, ಚಿನ್ನದ ಜರಿ. ಎರಡೇ ವರ್ಷಕ್ಕೆ ಯುದ್ಧ ಬಂತು, ಆ ಬಣ್ಣದವರೆಲ್ಲ ಖಾಕಿ ತೊಟ್ಟು ಹೊರಟರು. ಅದಕ್ಕೇ ಇವನ್ನು ನೋಡುವಾಗ ಒಂಥರಾ ಆಗುತ್ತದೆ. ನನಗೆ ಭಾನುವಾರ ಕಾರ್ಡು ಕೈಯಲ್ಲಿ ಹಿಡಿದು ತಿರುವಿ ಓದುವ ಚಟ ಬೇರೆ.

ಬೆಲೆ ಸ್ವಲ್ಪ ಜಾಸ್ತಿ. ನಾನು ಒಂದೇ ಸಲಕ್ಕೆ ಸೆಟ್ ಕೊಳ್ಳಲಿಲ್ಲ, ಬಿಡಿಬಿಡಿಯಾಗಿ ತಿಂಗಳಿಗೆ ನಾಲ್ಕೈದು. ಒಂದು ಎಚ್ಚರಿಕೆ: 1912ರದ್ದರ ಹಿಂದಿನ ಅಕ್ಷರ ನೀಲಿ. 1914ರಲ್ಲಿ ಮತ್ತೆ ಅಚ್ಚಾದದ್ದು ಕಂದು. ನನಗೆ ಮಾರಿದವರೊಬ್ಬರು ಎರಡನ್ನೂ ಬೆರೆಸಿ ಕಳಿಸಿದ್ದರು.

ಒಣ ಹವೆಯ ಊರಿನವರಿಗೆ 1938ರದ್ದೇ ಚೆನ್ನ, ಪೇಟಗಳಿಗೋಸ್ಕರ. ನನ್ನ ತಮ್ಮ ಬಳ್ಳಾರಿಯಲ್ಲಿದ್ದಾನೆ. ಉಳಿದ 39 ಕಾರ್ಡನ್ನು ಅವನಿಗೇ ಕೊಟ್ಟು ಬಂದೆ. ಮೀಸೆ ಮಾತ್ರ ನನ್ನ ಹತ್ತಿರವೇ ಇದೆ.