ಹೊಸ ಟ್ಯಾಟೂ ಮೇಲೆ ಟೆಗಾಡರ್ಮ್ ಅಂಟಿಸಬಹುದೇ?

ಸ್ಟುಡಿಯೋಗಳಲ್ಲಿ ‘ಸೆಕೆಂಡ್ ಸ್ಕಿನ್’ ಅಂತ ಅಂಟಿಸಿ ಕಳಿಸುವ ಪಾರದರ್ಶಕ ಪಟ್ಟಿಯಂಥದ್ದೇ ಸರಕು ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. 3ಎಂ ಕಂಪನಿಯ ಹೆಸರಿನಲ್ಲಿ ಪರಿಚಿತವಾದ ಟೆಗಾಡರ್ಮ್ ಅದು. ಆಸ್ಪತ್ರೆಯಲ್ಲಿ ಡ್ರಿಪ್ ಸೂಜಿಯ ಮೇಲೆ ಅಂಟಿಸುವುದೂ ಇದನ್ನೇ. ತೆಳುವಾದ ಪಾಲಿಯುರೆಥೇನ್ ಹಾಳೆ, ಕೆಳಗೆ ಅಕ್ರಿಲಿಕ್ ಅಂಟು. ಹೊರಗಿನ ನೀರು, ರೋಗಾಣು ಒಳಗೆ ಹೋಗುವುದಿಲ್ಲ, ಒಳಗಿನ ತೇವ ಮಾತ್ರ ಆವಿಯಾಗಿ ನಿಧಾನಕ್ಕೆ ಹೊರಬರುತ್ತದೆ. ಗಾಯ ಒಣಗಿದರೇ ವಾಸಿ ಎಂಬ ನಂಬಿಕೆಯನ್ನು 1962ರಲ್ಲೇ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಲ್ಲಿ ಅಲುಗಾಡಿಸಿದ್ದರು. ಹಾಳೆ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಬೇಗ ಹರಡಿತ್ತು. ಟ್ಯಾಟೂಗೆ ಆಗುವ ಲಾಭವೂ ಅಲ್ಲೇ ಇದೆ. ದಪ್ಪ ಹಕ್ಕಳೆ ಕಟ್ಟದಿದ್ದರೆ, ಅದು ಕಿತ್ತು ಬರುವಾಗ ಬಣ್ಣ ಹೋಗಿ ಮಧ್ಯೆ ಮಧ್ಯೆ ಬಿಳಿಚಿಕೊಳ್ಳುವ ಭಯವೂ ಕಡಿಮೆ.

ಕೊಳ್ಳುವಾಗಲೇ ಅರ್ಧ ತಪ್ಪು ನಡೆದುಹೋಗುತ್ತದೆ. ‘ಟೆಗಾಡರ್ಮ್ ಕೊಡಿ’ ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಅಂಚಿನಲ್ಲಿ ಸೀಳು ಇರುವ, ಡ್ರಿಪ್ ಸೂಜಿಗೆಂದೇ ಮಾಡಿದ ಐವಿ ಮಾದರಿ ಬೇಡ, ಆ ಸೀಳಿನಿಂದಲೇ ಸೋರುತ್ತದೆ. ನಡುವೆ ಬಿಳಿ ಪ್ಯಾಡ್ ಇರುವುದೂ ಬೇಡ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಬೇಕಾದದ್ದು ಸಾದಾ ಫಿಲ್ಮ್. 6×7 ಸೆಂ.ಮೀ. ಹಾಳೆ ಮಣಿಕಟ್ಟಿನ ಸಣ್ಣ ಚಿತ್ರಕ್ಕೆ ಮಾತ್ರ, ಉಳಿದವಕ್ಕೆ 10×12 ಸೆಂ.ಮೀ. ನೋಡಿ. ಟ್ಯಾಟೂವಿನ ಸುತ್ತ ಎಲ್ಲ ಕಡೆಯೂ 2.5 ಸೆಂ.ಮೀ. ಒಳ್ಳೆಯ ಚರ್ಮ ಸಿಗಬೇಕು. ಅಂದರೆ 10×12ರ ಹಾಳೆ ನಿಜಕ್ಕೂ ಮುಚ್ಚುವುದು ಸುಮಾರು 5×7 ಸೆಂ.ಮೀ. ಚಿತ್ರವನ್ನಷ್ಟೇ. ಇದನ್ನು ಲೆಕ್ಕ ಹಾಕದೆ ಕೊಂಡವರೇ ‘ಅಂಟು ನಿಲ್ಲಲ್ಲ’ ಅಂತ ದೂರುವುದು. 10 ಮೀಟರ್ ರೋಲ್ ಅಗ್ಗ ಬೀಳುತ್ತದೆ ನಿಜ, ಆದರೆ ಅದು ಸ್ಟೆರೈಲ್ (ರೋಗಾಣುಮುಕ್ತ) ಅಲ್ಲ. ಮೊದಲ ಹಾಳೆಯಾದರೂ ಒಂದೊಂದೇ ಪೊಟ್ಟಣದಲ್ಲಿ ಬರುವ ಸ್ಟೆರೈಲ್ ಫಿಲ್ಮ್ ಆಗಿರಲಿ.

ಅಂಟಿಸುವ ಮುಂಚೆ ಕೈ ತೊಳೆದು, ಪರಿಮಳವಿಲ್ಲದ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ಟ್ಯಾಟೂ ತೊಳೆದು, ಟಿಶ್ಯೂವಿನಿಂದ ಒತ್ತಿ ಒರೆಸಿ. ಹತ್ತು ಹದಿನೈದು ನಿಮಿಷ ಗಾಳಿಗೆ ಬಿಡಿ. ಕ್ರೀಮು, ವ್ಯಾಸಲೀನ್ ಏನೂ ಬೇಡ, ಜಿಡ್ಡಿನ ಮೇಲೆ ಅಂಟು ಕೂರುವುದಿಲ್ಲ. ಸುತ್ತಲಿನ ಕೂದಲನ್ನು ಮೊದಲೇ ಬೋಳಿಸಿರಬೇಕು. ಹಿಂದಿನ ಕಾಗದ ಬಿಡಿಸಿ, ಹಾಳೆಯನ್ನು ಎಳೆಯದೆ ಸುಮ್ಮನೆ ಮೇಲಿಟ್ಟು, ನಡುವಿನಿಂದ ಅಂಚಿನ ಕಡೆಗೆ ಸವರಿ, ಕೊನೆಗೆ ಕಾಗದದ ಚೌಕಟ್ಟು ತೆಗೆಯಿರಿ. ಬಿಗಿಯಾಗಿ ಎಳೆದು ಅಂಟಿಸಿದರೆ ಅದು ಹಿಂದಕ್ಕೆ ಜಗ್ಗುತ್ತಾ ಅಂಚಿನಲ್ಲಿ ನೀರುಗುಳ್ಳೆ ಎಬ್ಬಿಸುತ್ತದೆ. ಜನ ಅಲರ್ಜಿ ಅಂದುಕೊಳ್ಳುವ ಎಷ್ಟೋ ಗುಳ್ಳೆಗಳು ಈ ಜಗ್ಗಾಟದವು. ನಿಜವಾದ ಅಂಟಿನ ಅಲರ್ಜಿಯಾದರೆ ಹಾಳೆಯ ಆಕಾರದಲ್ಲೇ ಚೌಕಾಕಾರದ ಕೆಂಪು, ತಡೆಯಲಾಗದ ತುರಿಕೆ ಕಾಣಿಸುತ್ತದೆ. ಆಗ ತಕ್ಷಣ ತೆಗೆದು ತೊಳೆಯಬೇಕು. ಬ್ಯಾಂಡೇಜ್ ಟೇಪ್ ಆಗದ ಮೈಯವರು ಟ್ಯಾಟೂಗೆ ಮೊದಲೇ ಒಂದು ತುಂಡನ್ನು ಮುಂಗೈಗೆ ಅಂಟಿಸಿ ಒಂದು ದಿನ ನೋಡುವುದು ಕ್ಷೇಮ.

ಮೊದಲ ರಾತ್ರಿ ಹಾಳೆಯ ಕೆಳಗೆ ಕಪ್ಪು ದ್ರವ ತುಂಬಿ ಗಾಬರಿಯಾಗುತ್ತದೆ. ರಕ್ತ, ಪ್ಲಾಸ್ಮಾ, ಹೆಚ್ಚುವರಿ ಇಂಕು ಸೇರಿದ ದ್ರವ ಅದು, ಟ್ಯಾಟೂ ಕರಗಿಹೋಗುತ್ತಿಲ್ಲ. ಸೂಜಿ ಚುಚ್ಚಿ ಅದನ್ನು ಹೊರತೆಗೆಯುವ ಚಾಲಾಕಿ ಬೇಡವೇ ಬೇಡ, ಆ ತೂತೇ ರೋಗಾಣುಗಳಿಗೆ ಬಾಗಿಲು. ದ್ರವ ಅಂಚು ಮುಟ್ಟಿದರೆ ಅಥವಾ ಯಾವುದಾದರೂ ಮೂಲೆ ಎದ್ದರೆ ಗಡಿಯಾರ ನೋಡದೆ ಬದಲಿಸಿ. ಮೇಲೆ ಇನ್ನೊಂದು ತೇಪೆ ಹಾಕಿದರೆ ಕೊಳೆ ಒಳಗೇ ಉಳಿಯುತ್ತದೆ. ಏನೂ ಆಗದಿದ್ದರೂ ಮೊದಲ ಹಾಳೆಗೆ 24 ಗಂಟೆ ಸಾಕು. ಎರಡನೆಯದನ್ನು ಮೂರು ನಾಲ್ಕು ದಿನ ಬಿಡಬಹುದು. ಈ ಬಗೆಯ ಫಿಲ್ಮ್ ಏಳು ದಿನದವರೆಗೂ ಇರಬಹುದು ಎನ್ನುವುದು ಆಸ್ಪತ್ರೆಯ ಲೆಕ್ಕ, ಸೋರುವ ಹೊಸ ಟ್ಯಾಟೂವಿನ ಮೊದಲ ಹಾಳೆಗೆ ಅದು ಅನ್ವಯಿಸದು.

ತೆಗೆಯುವಾಗ ಮೇಲಕ್ಕೆ ಕೀಳಬಾರದು. ಉಗುರುಬೆಚ್ಚಗಿನ ನೀರಿನ ಕೆಳಗೆ ಒಂದು ಮೂಲೆ ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ ಎಳೆದರೆ ಅಂಟು ತಾನಾಗಿ ಬಿಡುತ್ತದೆ. ಸಿಪ್ಪೆ ಏಳಲು ಶುರುವಾದ ಮೇಲೆ ಮತ್ತೆ ಅಂಟಿಸಬೇಡಿ, ಅರ್ಧ ಬಿಟ್ಟ ಚರ್ಮವನ್ನು ಅಂಟು ಕಿತ್ತುಕೊಂಡು ಬರುತ್ತದೆ. ಅಲ್ಲಿಂದ ಮುಂದೆ ಪರಿಮಳವಿಲ್ಲದ ಲೋಶನ್ ಸಾಕು. ಅಂಗೈ ಅಗಲದ ಟ್ಯಾಟೂಗೆ ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಮೂರು ಸಲ. ಅರಿಶಿನ ಬೇಡ. ಮನೆಯಲ್ಲಿದ್ದ ಬೆಟ್ನೊವೇಟ್ ಸ್ಟೀರಾಯ್ಡ್, ವೈದ್ಯರು ಹೇಳದೆ ಮುಟ್ಟುವಂಥದ್ದಲ್ಲ. ನಿಯೋಸ್ಪೋರಿನ್ ಮುಲಾಮಿನಲ್ಲಿರುವ ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಲವರಿಗೆ ಅಲರ್ಜಿ ತರುತ್ತದೆ. ಈಜು, ಕೆರೆ, ಸಮುದ್ರ ಎರಡರಿಂದ ನಾಲ್ಕು ವಾರ ದೂರವಿರಲಿ. ಫಿಲ್ಮ್ ಇದೆಯಲ್ಲ ಅಂತ ಕೊಳಕ್ಕೆ ಇಳಿಯುವವರಿದ್ದಾರೆ! ಸ್ನಾನದ ನೀರನ್ನು ಅದು ತಡೆಯುತ್ತದೆ, ಗಂಟೆಗಟ್ಟಲೆ ಮುಳುಗಿದ್ದರೆ ಅಂಚು ಬಿಡುತ್ತದೆ.

ನಮ್ಮ ಹವೆಗೆ ಇದರ ಅಂಕ ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಆರಾಮ. ಮಂಗಳೂರಿನ ಸೆಖೆಯಲ್ಲಿ, ಕಲಬುರಗಿಯ ಏಪ್ರಿಲ್‌ನಲ್ಲಿ ಬೆವರು ಅಂಚನ್ನು ಎಬ್ಬಿಸುತ್ತದೆ, ಹೆಚ್ಚು ಹಾಳೆ ಖರ್ಚಾಗುತ್ತದೆ. ಬೈಕಿನಲ್ಲಿ ಓಡಾಡುವವರ, ಭುಜಕ್ಕೆ ಬ್ಯಾಗ್ ಉಜ್ಜುವವರ ದೊಡ್ಡ, ದಟ್ಟ ಬಣ್ಣದ ಟ್ಯಾಟೂಗೆ ದುಡ್ಡು ಸಾರ್ಥಕ. ತೆಳುಗೆರೆಯ ಸಣ್ಣ ಚಿತ್ರಕ್ಕೆ ಒಂದು ದಿನದ ಹಾಳೆಯೇ ಸಾಕು. ಮೊಣಕೈ, ಬೆರಳು, ಪಾದದ ಮೇಲೆ ಯಾವ ಕಂಪನಿಯದ್ದೂ ನಿಲ್ಲುವುದಿಲ್ಲ, ಅಲ್ಲಿ ತೊಳೆದು ಲೋಶನ್ ಹಚ್ಚುವ ಹಳೇ ಕ್ರಮವೇ ಮೇಲು. ಅಡುಗೆಮನೆಯ ಕ್ಲಿಂಗ್ ರ‍್ಯಾಪ್ ಸುತ್ತಿ ಕಳಿಸಿದ್ದರೆ ಎರಡು ಮೂರು ಗಂಟೆಯಲ್ಲಿ ಬಿಚ್ಚಿ ತೊಳೆಯಿರಿ, ಅದರೊಳಗಿನ ಬೆವರಿಗೆ ದಾರಿಯೇ ಇಲ್ಲ.

ಮೂರನೇ ದಿನದ ನಂತರವೂ ಕೆಂಪು ಹರಡುತ್ತಿದ್ದರೆ, ಕೀವು, ಜ್ವರ ಅಥವಾ ಕೆಂಪು ಗೆರೆಗಳು ಕಂಡರೆ ಫಿಲ್ಮ್ ತೆಗೆದು ಅಂದೇ ವೈದ್ಯರಿಗೆ ತೋರಿಸಿ. ಅದರ ಮೇಲೆ ಹೊಸ ಹಾಳೆ ಅಂಟಿಸಬೇಡಿ.