ಪಾರ್ಲರ್‌ಗೆ ‘3 ಕ್ಲಾಸ್’ ಟ್ರೇಡ್‌ಮಾರ್ಕ್ ಪ್ಯಾಕೇಜ್: 44 ಬೇಕೇ ಬೇಕು, ಮಿಕ್ಕದ್ದಕ್ಕೆ ಲೆಕ್ಕ ಕೇಳಿ

ಮೈಸೂರು, ಮಂಡ್ಯ ಕಡೆ ಬ್ಯೂಟಿ ಪಾರ್ಲರ್‌ನವರಿಗೆ ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿಗೆ ಏಜೆಂಟರು ಹೇಳುವ ಪ್ಯಾಕೇಜ್ ಹೆಚ್ಚುಕಮ್ಮಿ ಒಂದೇ: ಕ್ಲಾಸ್ 44, 3, 35. ಕ್ಲಾಸ್ ಅಂದರೆ ಆ ಹೆಸರನ್ನು ಯಾವ ಬಗೆಯ ಸರಕಿಗೆ ಅಥವಾ ಸೇವೆಗೆ ನೋಂದಾಯಿಸುತ್ತೀರೋ ಆ ವರ್ಗ. ಆನ್‌ಲೈನ್‌ನಲ್ಲಿ ಸರ್ಕಾರಿ ಶುಲ್ಕ ಒಂದು ಕ್ಲಾಸಿಗೆ ₹4,500. ಅದೂ ಮಾಲೀಕರ ಸ್ವಂತ ಹೆಸರಲ್ಲಿ ಹಾಕಿದರೆ ಅಥವಾ ಉದ್ಯಮ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಪ್ರಮಾಣಪತ್ರ ಲಗತ್ತಿಸಿದರೆ ಮಾತ್ರ. ಉದ್ಯಮ್ ಪತ್ರವಿಲ್ಲದ ಪಾರ್ಟ್‌ನರ್‌ಶಿಪ್ಪಿಗೆ ₹9,000. ಬಿಲ್ಲಿನಲ್ಲಿ ಸರ್ಕಾರಿ ಫೀಸು, ಏಜೆಂಟರ ಫೀಸು ಬೇರೆ ಬೇರೆ ಬರೆಸಿಕೊಳ್ಳಿ.

44ರ ಬಗ್ಗೆ ತಕರಾರಿಲ್ಲ. ಹೇರ್‌ಕಟ್, ಫೇಶಿಯಲ್, ವ್ಯಾಕ್ಸಿಂಗ್, ಮದುಮಗಳ ಮೇಕಪ್ ಎಲ್ಲ ಅದರಲ್ಲೇ ಬರುತ್ತವೆ.

ಎಡವಟ್ಟಾಗುವುದು 3ರಲ್ಲಿ. ನಿಮ್ಮದೇ ಲೇಬಲ್ ಅಂಟಿಸಿದ ಹೇರ್ ಆಯಿಲ್, ಶಾಂಪೂ, ಫೇಸ್‌ಪ್ಯಾಕ್ ಇದ್ದರಷ್ಟೇ ಅದು ಬೇಕು. ಬೇರೆ ಕಂಪನಿಯ ಬಾಟಲಿಗಳನ್ನು ಕೌಂಟರಿನಲ್ಲಿಟ್ಟು ಮಾರುವುದು ಮಾರಾಟದ ಸೇವೆ, ಅಂದರೆ 35. ಫ್ರಾಂಚೈಸಿ ಕೊಡುವವರಿಗೂ 35 ಬೇಕು. ಇವೆರಡೂ ಇಲ್ಲದ ಎರಡು ಕುರ್ಚಿಯ ಪಾರ್ಲರ್‌ಗೆ ಕ್ಲಾಸ್ 35 ಹಾಕಿಸುವುದು ದುಡ್ಡು ದಂಡ. ‘ಮುಂದೆ ಬೇಕಾಗುತ್ತೆ, ಈಗಲೇ ಹಾಕಿಬಿಡಿ ಮೇಡಂ’ ಎಂಬ ಮಾತಿಗೆ ಬೀಳಬೇಡಿ. ನೋಂದಣಿಯಾದ ಮೇಲೆ 5 ವರ್ಷ ಬಳಸದ ಕ್ಲಾಸನ್ನು ತೆಗೆಸಿಹಾಕಲು ಬೇರೆಯವರು ಅರ್ಜಿ ಹಾಕಬಹುದು.

ಇನ್ನೊಂದು: ಕಾಸ್ಮೆಟಿಕ್ಸ್ ಹೆಸರುಗಳಿಂದ 3 ಕಿಕ್ಕಿರಿದಿದೆ. 44ರಲ್ಲಿ ಖಾಲಿಯಿರುವ ಹೆಸರಿಗೆ 3ರಲ್ಲಿ ಸೆಕ್ಷನ್ 11ರ ಆಕ್ಷೇಪಣೆ (ಇಂಥದ್ದೇ ಹೆಸರು ಈಗಾಗಲೇ ಬೇರೆಯವರದಿದೆ ಎಂಬುದು) ಬಂದರೆ, ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿದವರಿಗೆ 44 ಕೂಡ ಅಲ್ಲೇ ನಿಂತುಬಿಡುತ್ತದೆ. ಒಟ್ಟಿಗೆ ಹಾಕಿದರೂ ಶುಲ್ಕದಲ್ಲಿ ರಿಯಾಯಿತಿ ಇಲ್ಲ. ಹಾಗಾಗಿ ಪ್ರತ್ಯೇಕ ಟಿಎಂ-ಎ (ನೋಂದಣಿಯ ಫಾರಂ) ಅರ್ಜಿಗಳನ್ನೇ ಹಾಕಿಸಿ. ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ವೆಬ್‌ಸೈಟಿನ ಪಬ್ಲಿಕ್ ಸರ್ಚ್‌ನಲ್ಲಿ 3, 44 ಎರಡರಲ್ಲೂ ಫೋನೆಟಿಕ್ ಹುಡುಕಾಟ, ಅಂದರೆ ಉಚ್ಚಾರಣೆ ಹೋಲುವ ಹೆಸರುಗಳ ಹುಡುಕಾಟ ಮಾಡಿಸಿ. ‘ಮೈಸೂರು ಬ್ಯೂಟಿ ಪಾರ್ಲರ್’ ಥರದ, ಊರು-ಕೆಲಸ ಹೇಳುವಷ್ಟೇ ಹೆಸರಿಗೆ ಸೆಕ್ಷನ್ 9 ಅಡ್ಡ ಬರುತ್ತದೆ. ಎಣ್ಣೆ ಬಾಟಲಿಗೆ ‘ಮೈಸೂರು ಸ್ಯಾಂಡಲ್’ ಅಂತ ಬರೆಸುವ ಆಸೆ ಇದ್ದರೆ ಬಿಟ್ಟುಬಿಡಿ, ಅದು ರಾಜ್ಯ ಸರ್ಕಾರದ ಸಾಬೂನು ಕಂಪನಿ ಕೆಎಸ್‌ಡಿಎಲ್‌ನವರದು.

ಪ್ಯಾಕೇಜಿನಲ್ಲಿ ಇಲ್ಲದ್ದು ತರಬೇತಿಯ ಕ್ಲಾಸ್ 41. ಪಾರ್ಲರಿನಲ್ಲೇ ಬ್ಯೂಟಿಷಿಯನ್ ಕೋರ್ಸ್ ನಡೆಸಿ ಅದೇ ಹೆಸರಿನ ಸರ್ಟಿಫಿಕೇಟ್ ಕೊಡುವವರಿಗೆ 35ಕ್ಕಿಂತ ಇದೇ ಮುಖ್ಯ. ಹಾಕಿದ ಅರ್ಜಿಗೆ ಆಮೇಲೆ ಕ್ಲಾಸ್ ಸೇರಿಸಲು ಬರುವುದಿಲ್ಲ. ಹೊಸ ಅರ್ಜಿ, ಹೊಸ ಶುಲ್ಕ, ಹೊಸ ತಾರೀಖು. ಹೇರ್ ಡ್ರೈಯರ್ ಕ್ಲಾಸ್ 11, ಸ್ಟ್ರೈಟ್ನರ್ 8, ವಿಗ್ 26. ಸ್ವಂತ ಬ್ರಾಂಡಿನಲ್ಲಿ ಮಾರದಿದ್ದರೆ ಇವುಗಳ ಗೊಡವೆ ಬೇಡ.

ನಮ್ಮ ಕಡೆಯ ಅರ್ಜಿಗಳು ಚೆನ್ನೈನ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಗೆ ಸೇರುತ್ತವೆ, ಓಡಾಟವೇನೂ ಇಲ್ಲ. ಆದರೆ ಏಜೆಂಟರ ಮೂಲಕ ಹಾಕಿದಾಗ ಪರೀಕ್ಷಾ ವರದಿ (ಅರ್ಜಿ ಪರಿಶೀಲಿಸಿ ರಿಜಿಸ್ಟ್ರಿ ಕಳಿಸುವ ಆಕ್ಷೇಪಣೆಗಳ ಪತ್ರ) ಅವರ ವಿಳಾಸಕ್ಕೇ ಹೋಗುತ್ತದೆ, ಉತ್ತರಕ್ಕೆ ಇರುವುದು ಒಂದೇ ತಿಂಗಳು. ಪ್ಯಾಕೇಜಿನ ದರದಲ್ಲಿ ಆ ಉತ್ತರ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಅರ್ಜಿ ಸಂಖ್ಯೆ ಇಸಿದುಕೊಂಡು ವಾರಕ್ಕೊಮ್ಮೆ ಸ್ಟೇಟಸ್ ನೀವೇ ನೋಡುತ್ತಿರಿ.